ಎರಡನೇ ಗುಂಪು

ಚೀಟಿ ಎತ್ತಿದ್ದು ಮಕ್ಕಳೇ. ಅದರಲ್ಲಿ ಟೀಚರಮ್ಮನ ಕೈವಾಡ ಎಳ್ಳಷ್ಟೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಅವಳು ಸಮಾಧಾನಕ್ಕೆಂದು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇದೊಂದನ್ನೇ. ಊಟದ ಡಬ್ಬಿಯೊಂದರಲ್ಲಿ ಇಪ್ಪತ್ತು ಚೀಟಿ. ಹತ್ತರಲ್ಲಿ ಒಂದು ಎಂದು ಬರೆದಿತ್ತು, ಉಳಿದ ಹತ್ತರಲ್ಲಿ ಎರಡು. ಮೂರನೇ ತರಗತಿಯಲ್ಲಿ ಓದಲು ತಡವರಿಸುವ ಇಪ್ಪತ್ತು ಮಕ್ಕಳು ಸಾಲಾಗಿ ಬಂದು ಒಂದೊಂದು ಎತ್ತಿಕೊಂಡವು. ಒಂದು ಬಂದವರಿಗೆ ಮರುದಿನದಿಂದಲೇ ಓದುವ ಕೋಣೆಯಲ್ಲಿ ಟೀಚರಮ್ಮನ ಪಕ್ಕ ಕೂತು ದಿನಕ್ಕೆ ಹದಿನೈದು ನಿಮಿಷ ಓದುವ ಭಾಗ್ಯ. ಎರಡು ಬಂದವರು ಹನ್ನೆರಡು ವಾರ ಕಾಯಬೇಕು.

ಸಾಲಿನಲ್ಲಿ ಹದಿನೇಳನೆಯವಳಾಗಿ ಬಂದ ಹುಡುಗಿ ಚೀಟಿ ಬಿಡಿಸಿದವಳೇ ಕುಣಿದಾಡಿಬಿಟ್ಟಳು. "ಎರಡು! ನಂಗೆ ಎರಡು! ಒಂದಕ್ಕಿಂತ ಎರಡು ಜಾಸ್ತಿ ಅಲ್ವಾ ಟೀಚರ್?"

ಬಾಯಿ ಬಿಟ್ಟರೆ ಅರಳು ಹುರಿದ ಹಾಗೆ ಮಾತು. ಅದಕ್ಕೇ ಇಡೀ ಶಾಲೆ ಅವಳನ್ನು ಅರಳು ಎಂದೇ ಕರೆಯುತ್ತಿತ್ತು. ತಾಯಿ ತೀರಿಕೊಂಡಿದ್ದಳು, ತಂದೆ ಬೇರೆ ಸಂಸಾರ ಕಟ್ಟಿಕೊಂಡು ದೂರ ಹೋಗಿದ್ದ. ಸಾಕುತ್ತಿದ್ದವನು ತಾಯಿಯ ಅಪ್ಪ. ಶಾಲೆಯ ಹಿಂದಿನ ರಸ್ತೆಯಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ ಅವನದು. ಈ ಹುಡುಗಿ ಕಥೆ ಹೇಳಲು ಕೂತರೆ ದೊಡ್ಡವರೂ ಬಾಯಿ ತೆರೆದು ಕೇಳುತ್ತಿದ್ದರು, ಪುಸ್ತಕ ಕೊಟ್ಟರೆ ಮಾತ್ರ ನಿಮಿಷಕ್ಕೆ ಹದಿನಾಲ್ಕು ಪದ. ದಡ್ಡಿಯಲ್ಲ. ಅಕ್ಷರಕ್ಕೂ ಸದ್ದಿಗೂ ನಡುವೆ ಎಲ್ಲೋ ಒಂದು ಸಿಕ್ಕು. ಪಕ್ಕದಲ್ಲಿ ಕೂತು ಬಿಡಿಸಿದರೆ ಬಿಡುವಂಥ ಸಿಕ್ಕು. ಅಂಥ ಎಷ್ಟೋ ಸಿಕ್ಕುಗಳನ್ನು ಟೀಚರಮ್ಮ ಬಿಡಿಸಿದ್ದಳು.

ಒಂಬತ್ತು ವರ್ಷದಿಂದ ಓದುವ ಕೋಣೆ ಅವಳದು. ಅವಳ ವಿದ್ಯೆ ಬಲು ಸರಳ. ಮಗುವಿನ ಜೊತೆಗೆ ತಾನೂ ಗಟ್ಟಿಯಾಗಿ ಓದುವುದು, ಮಗುವಿನ ದನಿ ಏರಿದ ಹಾಗೆ ತನ್ನ ದನಿ ಇಳಿಸುತ್ತ ಹೋಗುವುದು. ಒಂದು ದಿನ ಮಗು ಒಂಟಿಯಾಗಿ ಓದುತ್ತಿರುತ್ತದೆ, ಅದಕ್ಕೆ ಗೊತ್ತೂ ಆಗಿರುವುದಿಲ್ಲ. ಇಷ್ಟಕ್ಕೆ ಎಂ.ಎಡ್. ಯಾಕೆ ಬೇಕು ಹೇಳಿ? ನಲವತ್ತಾರು ವರ್ಷದ ಹೆಂಗಸಿಗೆ ಪುಸ್ತಕದ ಚೀಲ ಹೊತ್ತು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಚಪಲವೇನೂ ಇರಲಿಲ್ಲ. ಆದರೆ ಮೇಲಿನಿಂದ ಒಂದು ಆದೇಶ ಬಂತು: ಓದುವ ಕೋಣೆಯ ಹೊಣೆ ಇನ್ನು ಮೇಲೆ ಎಂ.ಎಡ್. ಆದವರಿಗೆ ಮಾತ್ರ. ಕೋಣೆ ಬಿಟ್ಟುಕೊಡಲು ಮನಸ್ಸಿಲ್ಲದೆ ಅವಳು ಸೇರಿಕೊಂಡಳು. ಎರಡು ಸಲ ಅವಧಿ ವಿಸ್ತರಿಸಿಕೊಂಡೂ ಆಗಿತ್ತು. ಈ ವರ್ಷ ಪ್ರಬಂಧ ಕೊಡದಿದ್ದರೆ ನೋಂದಣಿಯೇ ರದ್ದು.

"ನಿನ್ನ ಪ್ರಬಂಧ ನಮ್ಮ ಡಿಪೋದಲ್ಲಿರೋ ಹಳೇ ಬಸ್ ಇದ್ದ ಹಾಗೆ ಕಣೇ," ಎನ್ನುತ್ತಿದ್ದ ಅವಳ ಗಂಡ. ಅವನು ಬಸ್ ಕಂಡಕ್ಟರ್. "ಈಗ ಹೊರಡ್ತೀನಿ, ಆಗ ಹೊರಡ್ತೀನಿ ಅಂತ ಗುರುಗುಟ್ಟುತ್ತೆ, ನಿಂತ ಜಾಗ ಬಿಟ್ಟು ಕದಲಲ್ಲ."

ಕೆಲಸ ಮಾಡುವ ಜಾಗದಲ್ಲೇ, ಮಾಡುವ ಕೆಲಸದ ಮೇಲೆಯೇ ಸಂಶೋಧನೆ ಮಾಡಬಹುದು ಎಂದಾಗ ಅವಳಿಗೆ ಹೋದ ಜೀವ ಬಂದ ಹಾಗಾಗಿತ್ತು. ತನ್ನ ಕೋಣೆ, ತನ್ನ ಮಕ್ಕಳು, ಇದಕ್ಕಿಂತ ಸುಲಭ ಇನ್ನೇನು? ಆದರೆ ಮಾರ್ಗದರ್ಶನಕ್ಕೆ ಸಿಕ್ಕ ಗೈಡ್ ಮೇಡಂ ಮೊದಲ ಭೇಟಿಯಲ್ಲೇ ಆ ಸುಲಭವನ್ನೆಲ್ಲ ಇಳಿಸಿಬಿಟ್ಟರು.

"ಎಲ್ಲರಿಗೂ ಹೇಳಿಕೊಟ್ಟು, ಎಲ್ಲರೂ ಕಲಿತರು ಅಂತ ಬರೆದರೆ ಅದು ಸಂಶೋಧನೆ ಅಲ್ಲಮ್ಮ. ನಿಮ್ಮ ಬೆನ್ನು ನೀವೇ ತಟ್ಟಿಕೊಂಡ ಹಾಗೆ. ನಿಮ್ಮ ಪಾಠದಿಂದಲೇ ಕಲಿತರು ಅನ್ನೋಕೆ ಏನು ಸಾಕ್ಷಿ? ಹೋಲಿಸೋಕೆ ಒಂದು ಗುಂಪು ಬೇಕೇ ಬೇಕು. ಹನ್ನೆರಡು ವಾರ ಆ ಗುಂಪನ್ನ ಮುಟ್ಟಬೇಡಿ. ಅಯ್ಯೋ ಪಾಪ ಅಂತ ಒಂದು ದಿನ ಹೇಳಿಕೊಟ್ಟರೂ ಅಂಕಿಗಳೆಲ್ಲ ಕಲಬೆರಕೆ ಆಗಿಹೋಗ್ತವೆ."

"ಆಮೇಲೆ ಹೇಳಿಕೊಡಬಹುದಾ ಮೇಡಂ?"

"ಕೊಡಬಹುದು ಅಲ್ಲ, ಕೊಡಲೇಬೇಕು. ಇಲ್ಲಾಂದ್ರೆ ವಿಶ್ವವಿದ್ಯಾಲಯದ ನೀತಿ ಸಮಿತಿ ಒಪ್ಪಲ್ಲ."

ಹಾಗಾಗಿ ಮನೆಮನೆಗೆ ಹೋದ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿತು: ಹನ್ನೆರಡು ವಾರಗಳ ನಂತರ ಎರಡನೇ ಗುಂಪಿನ ಮಕ್ಕಳಿಗೂ ಇದೇ ಪಾಠವನ್ನು ಇಷ್ಟೇ ಅವಧಿಗೆ ಕೊಡಲಾಗುವುದು. ಕ್ಷೌರದಂಗಡಿಯ ಅಜ್ಜನಿಗೆ ಓದು ಬರಹ ಬಾರದು. ಗಿರಾಕಿಯೊಬ್ಬನ ಕೈಯಲ್ಲಿ ಆ ಪತ್ರ ಓದಿಸಿಕೊಂಡು, ಅರ್ಥ ಮಾಡಿಕೊಂಡು, ಹೆಬ್ಬೆಟ್ಟು ಒತ್ತಿ ಕಳಿಸಿದ. ಪ್ರಬಂಧದಲ್ಲಿ ಮಕ್ಕಳ ಹೆಸರು ಬರಕೂಡದೆಂಬ ನಿಯಮವಿತ್ತು. ಚೀಟಿ ಎತ್ತಿದ ಸಾಲಿನ ಪ್ರಕಾರ ಅರಳು ಅಂದಿನಿಂದ 'ಮಗು ಹದಿನೇಳು' ಆದಳು.

ಮೊದಲ ಹನ್ನೆರಡು ವಾರ ಟೀಚರಮ್ಮ ನೇಮ ಮುರಿಯಲಿಲ್ಲ. ಓದುವ ಕೋಣೆಯ ಬಾಗಿಲಿಗೆ ಅರ್ಧ ಗಾಜು. ಒಳಗೆ ಮೊದಲನೇ ಗುಂಪಿನ ಮಗುವೊಂದು ಅವಳ ಮಗ್ಗುಲಲ್ಲಿ ಕೂತು ಓದುತ್ತಿದ್ದರೆ ಗಾಜಿನಾಚೆ ಒಂದು ಮೂಗು ಅಂಟಿಕೊಂಡಿರುತ್ತಿತ್ತು. ಬೇರೆ ಯಾರ ಮೂಗು? ಅರಳುವಿನದೇ. ಬಿಡುವಿನ ಹೊತ್ತಿನಲ್ಲಿ ಉಳಿದ ಮಕ್ಕಳು ಅಂಗಳದಲ್ಲಿ ಹಾರಾಡುತ್ತಿದ್ದರೆ ಇವಳು ಇಲ್ಲಿ ಕಾವಲು. ಅಟ್ಟಿದರೆ ಹೋಗುತ್ತಿದ್ದಳು, ಮರುದಿನ ಮತ್ತೆ ಹಾಜರ್.

ಐದನೇ ವಾರ ಒಂದು ದಿನ ಒಳಗೇ ಬಂದುಬಿಟ್ಟಳು. ಎದೆಗೆ ಪುಸ್ತಕ ಅವಚಿಕೊಂಡಿದ್ದಳು.

"ಟೀಚರ್, ಇವತ್ತು ಈ ಹೊತ್ತಿಗೆ ಬರೋ ಹುಡುಗ ಬಂದಿಲ್ಲ, ಜ್ವರ. ಅವನ ಹದಿನೈದು ನಿಮಿಷ ಖಾಲಿ ಇದೆ. ನಾನು ಕೂತ್ಕೊಳ್ಲಾ? ಯಾರಿಗೂ ಹೇಳಲ್ಲ."

ಟೀಚರಮ್ಮನ ಕೈ ತಾನಾಗಿಯೇ ಪಕ್ಕದ ಪುಟ್ಟ ಕುರ್ಚಿಯನ್ನು ಎಳೆಯಲು ಹೋಗಿತ್ತು. ಆಮೇಲೆ ಕಲಬೆರಕೆ ಎಂಬ ಮಾತು ನೆನಪಾಯಿತು. "ಇಲ್ಲ ಚಿನ್ನ. ನಿನ್ನ ಸರದಿ ಇನ್ನೂ ಬಂದಿಲ್ಲ. ಎರಡನೇ ಅವಧೀಲಿ ಬರುತ್ತೆ."

"ಪಕ್ಕಾ?"

"ಪಕ್ಕಾ."

ಹುಡುಗಿ ಹೋದಳು. ಟೀಚರಮ್ಮ ಸಂಶೋಧನೆಯ ದಿನಚರಿ ತೆರೆದು ಬರೆದಳು: 'ಮಗು ಹದಿನೇಳು ಈ ದಿನ ನೆರವು ಕೇಳಿ ಬಂತು. ಕೊಡಲಿಲ್ಲ.' ಗೈಡ್ ಮೇಡಂ ಆ ಸಾಲಿನ ಪಕ್ಕ ಸರಿ ಗುರುತು ಹಾಕಿ ಮೆಚ್ಚಿಕೊಂಡರು. "ಇದನ್ನ ವಿಧಾನದ ಅಧ್ಯಾಯದಲ್ಲಿ ಹಾಕಿ. ಎಷ್ಟು ಶಿಸ್ತಾಗಿ ಮಾಡಿದೀರ ಅನ್ನೋಕೆ ಒಳ್ಳೇ ಉದಾಹರಣೆ." ಟೀಚರಮ್ಮನೂ ಹಿಗ್ಗಿದಳು. ಆ ವಯಸ್ಸಿನಲ್ಲಿ ಶಹಬ್ಬಾಸ್ ಎನ್ನಿಸಿಕೊಂಡರೆ ಯಾರಿಗೆ ಹಿಗ್ಗಾಗುವುದಿಲ್ಲ!

ಹನ್ನೆರಡು ವಾರ ಮುಗಿದು ಪರೀಕ್ಷೆ ಆಯಿತು. ಒಂದೊಂದು ಮಗುವನ್ನೂ ಕೂರಿಸಿ, ಗಡಿಯಾರ ಹಿಡಿದು, ನಿಮಿಷಕ್ಕೆ ಎಷ್ಟು ಪದ ಓದುತ್ತದೆಂದು ಎಣಿಸಿದಳು. ಮೊದಲನೇ ಗುಂಪು ಸರಾಸರಿ ಇಪ್ಪತ್ತಾರು ಪದ ಮೇಲೇರಿತ್ತು. ಎರಡನೇ ಗುಂಪು ಇದ್ದಲ್ಲೇ ಇತ್ತು. ಮಗು ಹದಿನೇಳು ಮಾತ್ರ ಹದಿನಾಲ್ಕರಿಂದ ಒಂಬತ್ತಕ್ಕೆ ಇಳಿದಿತ್ತು. ಗಾಜಿನ ಹೊರಗೆ ನಿಂತೂ ನಿಂತೂ ಅವಳಿಗೆ ಓದೆಂದರೆ ಒಳಗಿರುವವರ ಆಟ ಎನ್ನಿಸಿಬಿಟ್ಟಿತ್ತೋ ಏನೋ, ಪುಟ ಕಂಡರೆ ಬೆವರುತ್ತಿದ್ದಳು.

ಒಂಬತ್ತು ಎಂಬ ಅಂಕಿಯನ್ನು ಕೋಷ್ಟಕದಲ್ಲಿ ತುಂಬಿದಾಗ ಟೀಚರಮ್ಮನಿಗೆ ಸಂತೋಷವಾಯಿತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ಎರಡು ಗುಂಪಿನ ನಡುವಿನ ಅಂತರ ಆ ಒಂದು ಅಂಕಿಯಿಂದ ಇನ್ನಷ್ಟು ಹಿಗ್ಗಿತು, ನಕ್ಷೆ ಕಣ್ಣಿಗೆ ಕಟ್ಟುವ ಹಾಗೆ ಬಂತು. ಸಂತೋಷ ಅರ್ಧ ನಿಮಿಷ ಇದ್ದಿರಬಹುದು. ಆಮೇಲೆ ತಾನು ಯಾತಕ್ಕೆ ಸಂತೋಷಪಟ್ಟೆ ಎಂದು ಹೊಳೆಯಿತು. ಎರಡನೇ ಅವಧಿಯಲ್ಲಿ ಎಲ್ಲ ಸರಿಮಾಡುತ್ತೇನೆ ಎಂದುಕೊಂಡು ಕೋಷ್ಟಕ ಮಡಿಸಿಟ್ಟಳು.

ಎರಡನೇ ಅವಧಿ ಬಂತು. ಅದರ ಜೊತೆಗೇ ಹೆಡ್‌ಮಾಸ್ಟರೂ ಬಂದರು. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಹೇಳಿದರು. "ನೋಡಿ ಟೀಚರ್, ಆ ಬೆಳಗಿನ ಪಿರಿಯಡ್‌ಗಳನ್ನ ನಿಮಗೇ ಬಿಟ್ಟುಕೊಡ್ತೀನಿ. ಕೂತು ಬರೆದು ಮುಗಿಸಿ. ನಿಮ್ಮ ಪ್ರಬಂಧ ಅಂದ್ರೆ ಶಾಲೆಗೂ ಹೆಸರು." ಬೆಳಗಿನ ಆ ಪಿರಿಯಡ್‌ಗಳು ಯಾರವು? ಎರಡನೇ ಗುಂಪಿನ ಮಕ್ಕಳವು. ಬೇಡ ಸಾರ್ ಎನ್ನಲು ಅವಳಿಗೆ ನಾಲಿಗೆ ಇರಲಿಲ್ಲವೇ? ಇತ್ತು. ಆದರೆ ಮೂರು ಅಧ್ಯಾಯ ಬಾಕಿ ಇದ್ದವು. ಇನ್ನೊಂದೇ ವಾರ, ಈ ಅಧ್ಯಾಯ ಮುಗಿಸಿ ಶುರು ಮಾಡೋಣ ಎಂದುಕೊಂಡಳು. ಅಧ್ಯಾಯ ಮುಗಿಯಿತು, ಗೈಡ್ ಮೇಡಂ ಕೆಂಪು ಮಸಿಯಲ್ಲಿ ಕಾಟು ಹೊಡೆದು ವಾಪಸು ಕಳಿಸಿದರು. ಇನ್ನೊಂದು ವಾರ. ಮತ್ತೆ ಇನ್ನೊಂದು. ಮಕ್ಕಳ ಓದಿನ ಬಗ್ಗೆ ಯಾರು ಯಾವ ವರ್ಷ ಏನು ಹೇಳಿದ್ದಾರೆಂದು ಹುಡುಕಿ ಹುಡುಕಿ ಬರೆಯುತ್ತ ಅವಳು ಓದುವ ಕೋಣೆಯಲ್ಲೇ ಕೂತಿರುತ್ತಿದ್ದಳು. ಪಕ್ಕದ ಪುಟ್ಟ ಕುರ್ಚಿಯ ಮೇಲೆ ಪುಸ್ತಕದ ಅಟ್ಟಿ.

"ಇವತ್ತಾ ಟೀಚರ್?" ಎಂದು ಅರಳು ಬಾಗಿಲಲ್ಲಿ ಇಣುಕುತ್ತಿದ್ದಳು.

"ಸೋಮವಾರ ನೋಡೋಣ ಚಿನ್ನ."

ಎಷ್ಟು ಸೋಮವಾರ ಕಳೆದವೋ! ಒಂದು ಸೋಮವಾರ ಹುಡುಗಿ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಗಾಜಿನಾಚೆ ಯಾರೂ ಇಲ್ಲದ್ದು ಟೀಚರಮ್ಮನಿಗೆ ಮೊದಮೊದಲು ನಿರಾಳವೆನಿಸಿತು, ಬರವಣಿಗೆ ಸಲೀಸಾಗಿ ಸಾಗಿತು.

ವರ್ಷದ ಕೊನೆಗೆ ಹೆಡ್‌ಮಾಸ್ಟರು ಮಕ್ಕಳ ಓದಿನ ಅಂಕಿಗಳನ್ನು ಕೇಳಿ ಪಡೆದರು. ಟೀಚರಮ್ಮ ಸಂಖ್ಯೆಗಳ ಜಾಗದಲ್ಲಿ ಹೆಸರು ತುಂಬಿ ತನ್ನ ಕೋಷ್ಟಕದ ಒಂದು ಪ್ರತಿ ಕೊಟ್ಟಳು. ಎಷ್ಟು ಅಚ್ಚುಕಟ್ಟು ಎಂದು ಹೊಗಳಿಸಿಕೊಂಡಳು ಕೂಡ. ಹತ್ತು ದಿನದ ನಂತರ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಕಂಡಿತು. ಊರಿನ ಇನ್ನೊಂದು ಕೊನೆಯಲ್ಲಿ ಒಂದು ವಿಶೇಷ ಶಾಲೆ. ಕಲಿಯಲಾರದ ಮಕ್ಕಳಿಗೆಂದು ತೆರೆದದ್ದು. ಅಲ್ಲಿ ಕಾಗದದ ಚೀಲ ಅಂಟಿಸುವುದು, ಗುಂಡಿ ಹೊಲಿಯುವುದು ಕಲಿಸುತ್ತಾರೆ. ಹೋದವರು ವಾಪಸು ಬಂದದ್ದನ್ನು ಯಾರೂ ನೋಡಿಲ್ಲ. ಈ ವರ್ಷ ಅಲ್ಲಿಗೆ ಕಳಿಸುವವರ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ಅರಳುವಿನದು.

ಟೀಚರಮ್ಮ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದಳು. "ಸಾರ್, ಇದು ಹೇಗೆ ಆಯ್ತು? ಆ ಮಗು ದಡ್ಡಿ ಅಲ್ಲ!"

"ನಿಮ್ಮದೇ ಅಂಕಿ ಅಲ್ವಾ ಟೀಚರ್?" ಅವರು ಕಡತ ತಿರುಗಿಸಿ ತೋರಿಸಿದರು. "ನಿಮಿಷಕ್ಕೆ ಒಂಬತ್ತು ಪದ. ಹೋದ ಸಲಕ್ಕಿಂತ ಕಡಿಮೆ. ಬರೀ ಕಡಿಮೆ ಓದಿದ್ರೆ ಕಳಿಸ್ತಿರಲಿಲ್ಲ. ವಿಶೇಷ ಪಾಠ ಕೊಟ್ಟ ಮೇಲೂ ಸುಧಾರಿಸದೇ ಇದ್ರೆ ಮಾತ್ರ ಕಳಿಸೋದು."

"ಪಾಠ ಎಲ್ಲಿ ಕೊಟ್ಟೆ ಸಾರ್ ಅವಳಿಗೆ?"

"ನಿಮ್ಮ ಓದುವ ಕೋಣೆ ಪಟ್ಟೀಲಿ ಇಪ್ಪತ್ತು ಹೆಸರಿತ್ತಲ್ಲ. ಪಾಠ ಕೊಡಲಾಗಿದೆಯೇ ಅನ್ನೋ ಕಡೆ ಎಲ್ಲರಿಗೂ ಹೌದು ಅಂತ ಹಾಕಿದೆ." ಹೆಡ್‌ಮಾಸ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೊಡಲಿಲ್ವಾ? ಒಪ್ಪಿಗೆ ಪತ್ರದಲ್ಲಿ ಬರೆದಿದ್ರಿ?"

ಅವಳು ಕಡತದಲ್ಲಿದ್ದ ತನ್ನದೇ ಕೋಷ್ಟಕದ ಮೇಲೆ ಕಣ್ಣು ನೆಟ್ಟಳು.

"ಶಾಲಾ ಸಮಿತಿ ಸಹಿ ಆಗಿ ಮೇಲೆ ಹೋಯ್ತು. ಅವಳ ಜಾಗಕ್ಕೆ ಬೇರೆ ಮಗೂನ ಸೇರಿಸಿಕೊಂಡೂ ಆಯ್ತು. ಈಗ ನಾನು ಸುಳ್ಳು ವರದಿ ಕಳಿಸಿದೆ ಅಂತ ಬರೆದುಕೊಡ್ಲಾ? ನೀವು ಮಾತು ತಪ್ಪಿದಿರಿ ಅಂತ ವಿಶ್ವವಿದ್ಯಾಲಯಕ್ಕೆ ಬರೀಲಾ? ಇಬ್ಬರೂ ಮನೆಗೆ ಹೋಗೋಣ, ಅಷ್ಟೆ." ಕೊನೆಗೆ ಮೆಲ್ಲಗೆ ಅಂದರು, "ನಾನೂ ಬರೀರಿ ಬರೀರಿ ಅಂತ ನಿಮ್ಮ ಬೆನ್ನು ಹತ್ತಬಾರದಿತ್ತು."

ಅದೇ ಹೊತ್ತಿಗೆ ಅಜ್ಜ ವರ್ಗಾವಣೆ ಪತ್ರ ತೆಗೆದುಕೊಳ್ಳಲು ಬಂದ. ಒಗೆದ ಅಂಗಿ, ನೀರು ಹಚ್ಚಿ ಬಾಚಿದ ಬಿಳಿ ಕೂದಲು. ಪಕ್ಕದಲ್ಲಿ ಅರಳು. ಟೀಚರಮ್ಮನನ್ನು ಕಂಡವನೇ ಎರಡೂ ಕೈ ಮುಗಿದ.

"ನಿಮ್ಮ ಋಣ ಹೇಗೆ ತೀರಿಸಲಿ ತಾಯಿ? ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ರಿ. ಯಾರು ಮಾಡ್ತಾರೆ ಇಷ್ಟು? ನೀವು ಇಷ್ಟು ಕಷ್ಟಪಟ್ರೂ ಹತ್ತಲಿಲ್ಲ ಅಂದ್ರೆ ಇದರ ತಲೇನೇ ಅಷ್ಟು. ನಾನು ದಡ್ಡ, ಇದೂ ದಡ್ಡಿ. ಇರಲಿ, ಬಿಡಿ."

ಟೀಚರಮ್ಮ ಹುಡುಗಿಯ ಮುಖ ನೋಡಿದಳು. ಇಲ್ಲ ಅಜ್ಜ, ಟೀಚರ್ ಒಂದು ದಿನವೂ ಹೇಳಿಕೊಡಲಿಲ್ಲ ಎಂದು ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಕಾದಳು. ಹುಡುಗಿ ತನ್ನ ಚಪ್ಪಲಿ ನೋಡುತ್ತ ನಿಂತಿದ್ದಳು. ತಾನಾದರೂ ಹೇಳಬಹುದಿತ್ತು. ಅಜ್ಜ ಎಂದು ಬಾಯಿ ತೆರೆದಳು, ಪ್ರಬಂಧ ಕೊಡಲು ಇನ್ನು ನಾಲ್ಕು ದಿನ ಇದೆ ಎಂದು ನೆನಪಾಯಿತು, ಬಾಯಿ ಮುಚ್ಚಿದಳು. ಹೆಡ್‌ಮಾಸ್ಟರು ಪತ್ರಕ್ಕೆ ಮೊಹರು ಒತ್ತಿದರು. ಅಜ್ಜ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಮೊಮ್ಮಗಳ ಕೈ ಹಿಡಿದು ಹೊರಟುಹೋದ.

ಆ ನಾಲ್ಕು ದಿನ ಅವಳು ಉಂಡದ್ದು ಮೈಗೆ ಹತ್ತಲಿಲ್ಲ. ಪ್ರಬಂಧದಲ್ಲಿ ಒಂದೇ ಒಂದು ಜಾಗ ಖಾಲಿ ಉಳಿದಿತ್ತು. ಎರಡನೇ ಗುಂಪಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಪಾಠ ಕೊಡಲಾಯಿತು ಎಂಬ ವಾಕ್ಯ. ದಿನಾಂಕಗಳ ಜಾಗದಲ್ಲಿ ಚುಕ್ಕಿ ಚುಕ್ಕಿ.

"ಎರಡು ತಾರೀಖು ತಾನೇ? ಬರೆದು ಬಿಸಾಕು," ಎಂದ ಗಂಡ. ಹೆಂಡತಿಯ ಮುಖ ನೋಡಿ ತಮಾಷೆ ಅಲ್ಲಿಗೇ ನಿಲ್ಲಿಸಿದ. "ಏನಾಯ್ತೇ?"

ಅವಳು ಎಲ್ಲ ಹೇಳಿದಳು. ಅವನು ಆ ಚುಕ್ಕಿಗಳ ಪುಟವನ್ನು ಅವಳ ಕಡೆಗೇ ಸರಿಸಿದ. "ಇದ್ದದ್ದು ಇದ್ದ ಹಾಗೆ ಬರಿ. ಫೇಲ್ ಮಾಡಿದ್ರೆ ಮಾಡ್ಲಿ. ಕೋಣೆ ಹೋದ್ರೆ ಹೋಗ್ಲಿ," ಎಂದ.

ಅವಳಿಗೂ ಅದೇ ಬೇಕಾಗಿತ್ತು. ಯಾರಾದರೂ ತನ್ನನ್ನು ಹಿಡಿದು ಶಿಕ್ಷಿಸಬೇಕಾಗಿತ್ತು. ಆ ವಾಕ್ಯ ಹೊಡೆದುಹಾಕಿ ಒಂದು ಪುಟ ಪೂರ್ತಿ ಬರೆದಳು. ಎರಡನೇ ಗುಂಪಿಗೆ ಪಾಠ ಕೊಡಲಿಲ್ಲ. ಆ ಹೊತ್ತಿನಲ್ಲಿ ನಾನು ಈ ಪ್ರಬಂಧ ಬರೆಯುತ್ತಿದ್ದೆ. ಮಗು ಹದಿನೇಳು ಪ್ರತಿದಿನ ಬಾಗಿಲಿಗೆ ಬರುತ್ತಿತ್ತು. ಅದಕ್ಕೆ ಒಂದು ದಿನವೂ ಹೇಳಿಕೊಡಲಿಲ್ಲ. ಈಗ ಅದನ್ನು ಕಲಿಯಲಾರದ ಮಗುವೆಂದು ಶಾಲೆಯಿಂದ ಕಳಿಸಲಾಗಿದೆ. ಮಗುವಿನಲ್ಲಿ ಯಾವ ಕೊರತೆಯೂ ಇಲ್ಲ. ತಪ್ಪು ನನ್ನದು. ಬರೆಯುತ್ತ ಬರೆಯುತ್ತ ಅತ್ತಳು. ಇನ್ನು ಪ್ರಬಂಧ ಮುಗಿಯಿತು, ಕೋಣೆಯೂ ಮುಗಿಯಿತು ಎಂದುಕೊಂಡೇ ಗೈಡ್ ಮೇಡಂ ಮುಂದೆ ಇಟ್ಟಳು.

ಗೈಡ್ ಮೇಡಂ ಓದಿದರು. ಇನ್ನೊಂದು ಸಲ ಓದಿದರು. ಕಣ್ಣೊರೆಸಿಕೊಂಡರು ಕೂಡ.

"ಎಷ್ಟು ಚೆನ್ನಾಗಿದೆಯಮ್ಮ ಇದು! ಇಷ್ಟು ದಿನ ನಿಮ್ಮ ಬರಹದಲ್ಲಿ ಇದೇ ಇರಲಿಲ್ಲ. ಇದನ್ನ 'ಅಧ್ಯಯನದ ಮಿತಿಗಳು' ಅನ್ನೋ ತಲೆಬರಹದ ಕೆಳಗೆ ಹಾಕಿ. ಪರೀಕ್ಷಕರು ಇಂಥದ್ದನ್ನೇ ಕಾಯ್ತಿರ್ತಾರೆ."

"ಮೇಡಂ, ನಾನು ಮಾತು ತಪ್ಪಿದೀನಿ. ನೀತಿ ಸಮಿತಿಗೆ ಹೇಳಬೇಕಲ್ವಾ?"

"ಹೇಳಿದೀರಲ್ಲ, ಇಲ್ಲೇ ಬರೆದಿದೀರಲ್ಲ!"

ಪ್ರಬಂಧ ಹೋಯಿತು. ಎರಡು ತಿಂಗಳಿಗೆ ಫಲಿತಾಂಶ ಬಂತು. ಉನ್ನತ ಶ್ರೇಣಿ. ಪರೀಕ್ಷಕರು ಷರಾ ಬರೆದಿದ್ದರು: 'ಎಪ್ಪತ್ತೊಂದನೇ ಪುಟದ ಪ್ರಾಮಾಣಿಕ ಆತ್ಮವಿಮರ್ಶೆ ಈ ಪ್ರಬಂಧದ ತೂಕವನ್ನು ಹೆಚ್ಚಿಸಿದೆ.' ಹೆಡ್‌ಮಾಸ್ಟರು ಸಿಬ್ಬಂದಿಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿಸಿದರು. ಓದುವ ಕೋಣೆ ಅವಳ ಹೆಸರಿಗೆ ಗಟ್ಟಿಯಾಯಿತು. ನೋಡಿ, ಕೆನ್ನೆಗೆ ಬಾರಿಸಿಕೊಳ್ಳಲು ಮುಖ ಒಡ್ಡಿದವಳ ಕೆನ್ನೆ ಸವರಿ ಕಳಿಸಿದ್ದರು. ಅವಳು ಹೋಗಿ ಶೌಚಾಲಯದ ಬಾಗಿಲು ಹಾಕಿಕೊಂಡು ಗೋಡೆಗೆ ಹಣೆ ಒತ್ತಿ ನಿಂತಳು. ಎಷ್ಟು ಹೊತ್ತು ನಿಂತರೂ ಆ ಭಾರ ಇಳಿಯಲಿಲ್ಲ.

ಇನ್ನುಳಿದದ್ದು ಒಬ್ಬನೇ, ಅಜ್ಜ. ಅವನಾದರೂ ಬೈಯುತ್ತಾನೆ, ಅಂಗಡಿಯಿಂದ ಹೊರಗೆ ದಬ್ಬುತ್ತಾನೆ. ಮುಖ್ಯವಾಗಿ, ಮೊಮ್ಮಗಳು ದಡ್ಡಿಯಲ್ಲ ಎಂದು ಅವನಿಗೆ ಗೊತ್ತಾಗಬೇಕು. ಆ ಮಗುವಿಗೆ ಅಷ್ಟನ್ನಾದರೂ ವಾಪಸು ಕೊಡಬೇಕು. ಪದವಿ ಕೈಗೆ ಬಂದ ಮೇಲೆ ಹುಟ್ಟಿದ ಧೈರ್ಯ ಎಂದು ಯಾರಾದರೂ ಅಂದರೆ ಅದೂ ಸುಳ್ಳಲ್ಲ. ಒಂದು ಮಧ್ಯಾಹ್ನ ರಟ್ಟು ಕಟ್ಟಿಸಿದ ಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಯ ಹಿಂದಿನ ರಸ್ತೆಗೆ ಹೋದಳು.

ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಜ್ಜ ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ಅರಳು ಬೆಂಚಿನ ಮೇಲೆ ಕೂತು ಟವೆಲ್ ಮಡಚುತ್ತಿದ್ದಳು. ಎರಡೇ ತಿಂಗಳಿಗೆ ಮುಖ ಇಳಿದುಹೋಗಿತ್ತು. ಟೀಚರಮ್ಮನನ್ನು ಕಂಡು ಎದ್ದು ನಿಂತಳು, ನಗಲಿಲ್ಲ.

"ಈಗ ಮಾತೇ ಕಮ್ಮಿ ಆಗಿದೆ ತಾಯಿ," ಎನ್ನುತ್ತ ಅಜ್ಜ ಕುರ್ಚಿ ಒರೆಸಿದ. "ದೊಡ್ಡವಳಾದಳು. ಕೂತ್ಕೊಳ್ಳಿ."

ಟೀಚರಮ್ಮ ಕೂರಲಿಲ್ಲ. ನಿಂತಲ್ಲೇ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಅಜ್ಜ, ನಾನು ಇವಳಿಗೆ ಒಂದು ದಿನಾನೂ ಹೇಳಿಕೊಟ್ಟಿಲ್ಲ. ಹೇಳಿಕೊಡ್ತೀನಿ ಅಂತ ಬರೆದುಕೊಟ್ಟು ಮೋಸ ಮಾಡಿದೆ. ಇವಳು ದಡ್ಡಿ ಅಲ್ಲ. ಹೇಳಿಕೊಟ್ಟಿದ್ರೆ ಕಲೀತಿದ್ಲು."

ಅಜ್ಜ ನಕ್ಕ. "ನನ್ನ ಸಮಾಧಾನಕ್ಕೆ ಎಷ್ಟು ದೊಡ್ಡ ಮಾತು ಆಡ್ತೀರ! ನಂಗೆ ಗೊತ್ತಿಲ್ವಾ? ದಿನಾ ಸಂಜೆ ಬಂದು ಎಲ್ಲ ಹೇಳ್ತಿದ್ಲು. ಇವತ್ತು ಆನೆ ಪಾಠ ಆಯ್ತು ಅಜ್ಜ, ಇವತ್ತು ಹಡಗಿನ ಪಾಠ, ನಾನೂ ಟೀಚರೂ ಒಟ್ಟಿಗೆ ಓದಿದ್ವಿ, ಆಮೇಲೆ ಟೀಚರ್ ನಿಲ್ಲಿಸಿದ್ರು ನಾನೊಬ್ಬಳೇ ಓದಿದೆ ಅಂತ. ವರ್ಷಪೂರ್ತಿ ಹೇಳಿದಾಳೆ. ಅದನ್ನ ಕೇಳೋದಕ್ಕೇ ಅಂಗಡಿ ಬೇಗ ಮುಚ್ಚುತಿದ್ದೆ."

ಆನೆಯ ಪಾಠ, ಹಡಗಿನ ಪಾಠ ಎಲ್ಲವೂ ನಿಜ. ಒಂದೂ ತಪ್ಪಿಲ್ಲದೆ ಮೊದಲನೇ ಗುಂಪಿನವು. ಟೀಚರಮ್ಮ ಬೆಂಚಿನ ಕಡೆ ತಿರುಗಿದಳು.

"ಹೇಳು ಚಿನ್ನ. ನೀನು ಹೊರಗೆ ನಿಂತಿದ್ದೆ ಅಲ್ವಾ?"

"ಇಲ್ಲ," ಎಂದಳು ಹುಡುಗಿ. ಮುಖ ಕೆಂಪೇರಿತ್ತು. "ಒಳಗಿದ್ದೆ. ಟೀಚರ್ ದಿನಾ ಹೇಳಿಕೊಟ್ರು ಅಜ್ಜ. ನಂಗೇ ಬರ್ಲಿಲ್ಲ."

ಅಷ್ಟು ದಿನ ಹೇಳಿದ ಸುಳ್ಳನ್ನು ಅಜ್ಜನ ಎದುರು ಒಪ್ಪಿಕೊಳ್ಳುವುದಕ್ಕಿಂತ ದಡ್ಡಿಯಾಗಿರುವುದೇ ವಾಸಿ ಎಂದು ಆ ಎಂಟು ವರ್ಷದ ಜೀವ ನಿರ್ಧರಿಸಿಯಾಗಿತ್ತು. ಟೀಚರಮ್ಮ ಅವಸರದಲ್ಲಿ ಪ್ರಬಂಧ ಬಿಚ್ಚಿ ಎಪ್ಪತ್ತೊಂದನೇ ಪುಟ ತೆರೆದಳು. "ಇಲ್ಲಿ ಬರೆದಿದೀನಿ ನೋಡಿ ಅಜ್ಜ. ಅಚ್ಚಾಗಿದೆ. ದೊಡ್ಡ ದೊಡ್ಡವರು ಓದಿ ಒಪ್ಪಿದಾರೆ."

ಅಜ್ಜ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ನಂಗೆಲ್ಲಿ ಬರುತ್ತೆ ತಾಯಿ ಇದೆಲ್ಲ?"

"ಕೊಡಿ, ನಾನು ಓದ್ತೀನಿ."

"ಬೇಡ, ಬೇಡ. ನೀವು ಓದಿದ್ರೆ ನನ್ನ ಖುಷಿಗೆ ಏನಾದ್ರೂ ಸೇರಿಸಿಬಿಡ್ತೀರ." ಅವನು ಪುಸ್ತಕವನ್ನು ಮೊಮ್ಮಗಳ ತೊಡೆಯ ಮೇಲಿಟ್ಟ. "ಓದು ಮಗಾ. ಬಂದಷ್ಟು ಓದು. ಟೀಚರ್ ಏನು ಬರೆದಿದಾರೆ ನಮ್ಮ ಬಗ್ಗೆ?"

ಹುಡುಗಿ ಪುಟ ನೋಡಿದಳು. ಹಣೆಯ ಮೇಲೆ ಬೆವರು ಮೂಡಿತು. ತಲೆ ಎತ್ತಿ ಟೀಚರಮ್ಮನನ್ನು ಒಂದೇ ಒಂದು ಸಲ ನೋಡಿ, ನಡುವಿನ ಒಂದು ಸಾಲಿನ ಕೆಳಗೆ ಬೆರಳಿಟ್ಟಳು. ಅದಕ್ಕೆ ಒಂದು ದಿನವೂ ಹೇಳಿಕೊಡಲಿಲ್ಲ ಎಂಬ ಸಾಲು. ಬೆರಳು ಮೆಲ್ಲಗೆ ಸರಿಯತೊಡಗಿತು.

"ಟೀಚರ್... ನಂಗೆ... ದಿನಾ... ಹದಿನೈದು ನಿಮಿಷ... ಹೇಳಿಕೊಟ್ಟರು. ತುಂಬಾ... ಚೆನ್ನಾಗಿ... ಹೇಳಿಕೊಟ್ಟರು."

ಅಜ್ಜ ಬಾಯಿ ಬಿಟ್ಟು ಮೊಮ್ಮಗಳನ್ನೇ ನೋಡುತ್ತಿದ್ದ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಓದಿದಳಲ್ಲ! ಅಯ್ಯೋ, ಓದಿದಳಲ್ಲ ತಾಯಿ! ಸರಿಯಾಗಿ ಓದಿದ್ಲಾ?"

ಹುಡುಗಿಯ ಬೆರಳು ಸಾಲಿನ ಕೊನೆಯಲ್ಲಿ ನಿಂತೇ ಇತ್ತು. ಇಲ್ಲ ಎಂದರೆ ಅವಳು ಸುಳ್ಳಿ, ದಡ್ಡಿ ಎರಡೂ ಆಗುತ್ತಾಳೆ, ಅದೂ ಅವಳಿಗಿರುವ ಒಬ್ಬನೇ ಒಬ್ಬನ ಎದುರು. ಟೀಚರಮ್ಮನಿಗೆ ಬೇರೆ ದಾರಿ ಕಾಣಲಿಲ್ಲ.

"ಸರಿಯಾಗೇ ಓದಿದಳು," ಎಂದಳು.

ಅಜ್ಜ ಮೊಮ್ಮಗಳ ತಲೆ ನೇವರಿಸಿದ. ಗಟ್ಟಿಯಾಗಿ ನಕ್ಕ. ನಗುತ್ತ ನಗುತ್ತಲೇ ಏನೋ ಹೊಳೆದವನಂತೆ ಟೀಚರಮ್ಮನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದವನು ತಿಳಿದವರನ್ನು ಕೇಳುವ ಹಾಗೆ ಕೇಳಿದ.

"ಮತ್ತೆ ಇವಳನ್ನ ಅಲ್ಲಿಗೆ ಯಾಕೆ ಕಳಿಸಿದ್ರಿ ತಾಯಿ?"